ಒಂದು ಬಚ್ಚಲುಮನೆ, ಮೂರು ಜನರ ಆಸೆ

ತುಮಕೂರಿನ ಹಳೆಯ ಬಡಾವಣೆಯಲ್ಲಿರುವ ಒಂದು ಮನೆಯ ಕೆಲಸ ಇದು. ಮನೆಯವರ ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ನಾನು ಮನೆಗಳ ಒಳಾಂಗಣ ಕೆಲಸ ಮಾಡುವವಳು. ಅಡುಗೆಮನೆ, ವಾರ್ಡ್‌ರೋಬ್, ಟಿವಿ ಗೋಡೆ, ಇವೇ ಜಾಸ್ತಿ. ಬರೀ ಬಚ್ಚಲುಮನೆಗೆಂದು ಕರೆಯುವವರು ಅಪರೂಪ. ಇವರು ಕರೆದರು. ನಾನು ಮಾಡಿದ ತಪ್ಪುಗಳೂ ಇದರಲ್ಲಿವೆ.

ಮನೆ ಮತ್ತು ಮನೆಯವರು

1984ರಲ್ಲಿ ಕಟ್ಟಿದ ಮನೆ. ಒಂದೇ ಅಂತಸ್ತು, ಆರ್‌ಸಿಸಿ ತಾರಸಿ. ಬಚ್ಚಲು ಹಿಂದುಗಡೆ, ಬಟ್ಟೆ ಒಗೆಯುವ ಜಾಗಕ್ಕೆ ಅಂಟಿಕೊಂಡಿದೆ. ಅಳತೆ 6 ಅಡಿಗೆ 11 ಅಡಿ. ಆ ಕಾಲದ ಲೆಕ್ಕದಲ್ಲಿ ಧಾರಾಳ. ಒಂದು ತುದಿಯಲ್ಲಿ ಹಂಡೆ ಒಲೆ. ಸೌದೆ ತುರುಕುವ ಬಾಯಿ ಹೊರಗಡೆಗೆ, ತಾಮ್ರದ ಹಂಡೆ ಒಳಗಡೆಗೆ. ನೆಲಕ್ಕೆ ರೆಡ್ ಆಕ್ಸೈಡ್. ಕಕ್ಕಸು ಬೇರೆ, ಹಿತ್ತಲ ಮೂಲೆಯಲ್ಲಿ.

ಮನೆಯಲ್ಲಿ ಇಬ್ಬರೇ. ಯಜಮಾನರಿಗೆ 72, ಸರ್ಕಾರಿ ಕಚೇರಿಯಿಂದ ನಿವೃತ್ತಿ. ಅಮ್ಮನಿಗೆ 66. ಅವರನ್ನು ನಾನು ಮೊದಲ ದಿನದಿಂದ ಅಮ್ಮ ಅಂತಲೇ ಕರೆದೆ, ಇಲ್ಲೂ ಹಾಗೇ ಬರೆಯುತ್ತೇನೆ. ಮಗ ಸೊಸೆ ಬೆಂಗಳೂರಿನಲ್ಲಿ, ಎರಡು ವಾರಕ್ಕೊಮ್ಮೆ ಬಂದು ಹೋಗುತ್ತಾರೆ.

ಯಜಮಾನರಿಗೆ ಮಂಡಿ ಆಪರೇಷನ್ ಆಗಿತ್ತು. ಇನ್ನು ಕುಕ್ಕರಗಾಲಲ್ಲಿ ಕೂರುವಂತಿಲ್ಲ ಎಂದಿದ್ದರು ಡಾಕ್ಟರು. ರಾತ್ರಿ ಹಿತ್ತಲಿಗೆ ಹೋಗುವುದೂ ಕಷ್ಟ. ಹಾಗಾಗಿ ಬಚ್ಚಲಿನೊಳಗೇ ಕಮೋಡ್ ಬರಬೇಕಾಗಿತ್ತು. ಹೇಗೂ ಒಡೆಯಬೇಕಲ್ಲ, ಚೆನ್ನಾಗಿಯೇ ಮಾಡಿಸೋಣ ಅಂದ ಮಗ. 2 ಲಕ್ಷ 75 ಸಾವಿರ ಎಂದು ಗೆರೆ ಹಾಕಿಕೊಂಡರು.

ಚೆನ್ನಾಗಿ ಅಂದರೆ ಹೇಗೆ ಅನ್ನುವಲ್ಲಿಂದ ಜಗಳ ಶುರು.

ಮೂವರು, ಮೂರು ದಿಕ್ಕು

ಹಿರಿಯರು ಹಳೆಯದು ಬೇಕು ಅನ್ನುತ್ತಾರೆ, ಕಿರಿಯರು ಹೋಟೆಲ್ ಥರ ಬೇಕು ಅನ್ನುತ್ತಾರೆ ಎಂದುಕೊಂಡು ಹೋಗಿದ್ದೆ. ಅಲ್ಲಿ ನೋಡಿದರೆ ತಿರುವುಮುರುವು.

ಹೋಟೆಲ್ ಥರ ಬೇಕು ಅಂದವರು ಯಜಮಾನರು. ನೆಂಟರ ಮದುವೆಗೆ ಹೋದಾಗ ಒಂದು ದೊಡ್ಡ ಹೋಟೆಲಿನಲ್ಲಿ ಎರಡು ರಾತ್ರಿ ತಂಗಿದ್ದರಂತೆ. ಅಲ್ಲಿನ ಬಾತ್‌ರೂಮಿನ ಫೋಟೋ ಮೊಬೈಲಿನಲ್ಲಿತ್ತು. ಕಪ್ಪು ಮ್ಯಾಟ್ ಟೈಲ್ಸ್, ಕಪ್ಪು ನಲ್ಲಿ, ಗಾಜಿನ ಪಾರ್ಟಿಷನ್, ಮೇಲಿಂದ ಮಳೆಯ ಹಾಗೆ ಸುರಿಯುವ ಶವರ್.

ಸೊಸೆಗೆ ರೆಡ್ ಆಕ್ಸೈಡ್ ನೆಲವೇ ಬೇಕು, ಹಂಡೆಯೂ ಅಲ್ಲೇ ಇರಬೇಕು. "ಇಂಥದ್ದನ್ನ ಬೆಂಗಳೂರಲ್ಲಿ ದುಡ್ಡು ಕೊಟ್ಟು ಮಾಡಿಸ್ತಾರೆ, ನೀವು ಒಡೆದು ಹಾಕ್ತೀರಲ್ಲ" ಅನ್ನುವುದು ಆಕೆಯ ಸಂಕಟ. ತೊಟ್ಟಿಮನೆಗಳ ಫೋಟೋಗಳನ್ನು ಒಂದು ಫೋಲ್ಡರಿನ ತುಂಬ ಕೂಡಿಟ್ಟಿದ್ದಳು.

ಅಮ್ಮ ಇಬ್ಬರ ಮಾತನ್ನೂ ಕೇಳಿಸಿಕೊಂಡು ಕೊನೆಗೆ ಒಂದೇ ಮಾತು ಹೇಳಿದರು: "ಬೆಳ್ಳಗಿರಲಿ. ಆಸ್ಪತ್ರೆ ಥರ ಆದ್ರೂ ಪರವಾಗಿಲ್ಲ." ಸೊಸೆ ಹಂಡೆಯ ವಿಷಯ ಎತ್ತಿದಳು. ಅಮ್ಮನ ದನಿ ಸ್ವಲ್ಪ ಏರಿತು. "ನಲವತ್ತು ವರ್ಷ ಆ ಹಂಡೆ ತಿಕ್ಕಿದ್ದು ನಾನು. ಹುಣಸೇಹಣ್ಣು ಹಾಕಿ, ಬೂದಿ ಹಾಕಿ. ನೋಡೋಕೆ ಚೆಂದ ಅಂತ ನಿಮಗೆಲ್ಲ ಈಗ ಗೊತ್ತಾಯ್ತಾ?"

ಮೊದಲ ತಪ್ಪು

ಮೂರು ಆಸೆಗೆ ಮೂರು ಡ್ರಾಯಿಂಗ್ ಮಾಡಿಕೊಂಡು ಹೋದೆ. ಒಂದು ಕಪ್ಪು ಹೋಟೆಲ್, ಒಂದು ಕೆಂಪು ಹಳ್ಳಿಮನೆ, ಒಂದು ಬಿಳಿ. ಕಂಪ್ಯೂಟರಿನಲ್ಲಿ ಮೂರೂ ಚೆನ್ನಾಗಿ ಕಾಣುತ್ತಿದ್ದವು. ಯಾವುದು ಬೇಕೋ ಆರಿಸಿ ಅಂದೆ.

ಮೂವರೂ ತಮ್ಮದನ್ನೇ ಆರಿಸಿದರು. ಮಗ ಫೋನಿನಲ್ಲಿ "ಅಮ್ಮ ಹೇಳಿದ್ದೇ ಮಾಡಿ" ಅಂದ. ಸೊಸೆ ಮುಖ ಊದಿಸಿಕೊಂಡಳು. ಯಜಮಾನರು ಪೇಪರ್ ಓದತೊಡಗಿದರು. ನಾನು ಕಾಫಿ ಮುಗಿಸಿ ಎದ್ದೆ. ಸ್ಟೈಲ್ ಅನ್ನು ಚಿತ್ರವಾಗಿ ಮುಂದಿಟ್ಟರೆ ಅದು ಆಯ್ಕೆಯಾಗಿ ಉಳಿಯುವುದಿಲ್ಲ, ಓಟಾಗುತ್ತದೆ. ಸೋತವರು ಆಮೇಲೆ ದಿನಾ ಅದೇ ಬಚ್ಚಲಲ್ಲಿ ಸ್ನಾನ ಮಾಡಬೇಕು.

ಮುಂದಿನ ಸಲ ಡ್ರಾಯಿಂಗ್ ಇಲ್ಲದೆ ಹೋದೆ. ಬರೀ ಬ್ಯಾಗು, ಅದರಲ್ಲಿ ನಾಲ್ಕು ಟೈಲ್ಸ್ ಚೂರು.

ಹದಿನೈದು ದಿನದ ಪರೀಕ್ಷೆ

ಈ ಮನೆಗೆ ಹೇಮಾವತಿ ನೀರು ಬಂದ ದಿನ ಬರುತ್ತದೆ, ಬಾರದ ದಿನ ಬೋರ್‌ವೆಲ್. ಎರಡೂ ಒಂದೇ ಸಂಪಿಗೆ ಬೀಳುತ್ತವೆ. ಹಳೆಯ ಬಚ್ಚಲಿನ ನಲ್ಲಿಯ ಬುಡ ನೋಡಿದರೇ ಗೊತ್ತಾಗುತ್ತಿತ್ತು, ಬಿಳಿ ಹಕ್ಕಳೆ ಕಟ್ಟಿತ್ತು. ಸುಮ್ನೆ ಅಂದಾಜು ಬೇಡವೆಂದು ನೀರನ್ನು ಲ್ಯಾಬಿಗೆ ಕೊಟ್ಟೆವು. ಗಡಸುತನ ಲೀಟರಿಗೆ 480 ಮಿಲಿಗ್ರಾಂ ಬಂತು. ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಹೇಳುವ ಒಪ್ಪಿತ ಮಿತಿ 200. ಬೇರೆ ನೀರೇ ಸಿಗದಿದ್ದರೆ 600ರವರೆಗೆ ಆಗಬಹುದು. ಸ್ನಾನಕ್ಕೆ ಇದರಿಂದ ದೊಡ್ಡ ತೊಂದರೆಯಿಲ್ಲ. ಆದರೆ ಸೋಪು ನೊರೆ ಬಾರದೆ ಬೂದು ಜಿಡ್ಡಾಗುತ್ತದೆ. ನೀರು ಆರಿದಲ್ಲೆಲ್ಲ ಸುಣ್ಣದಂಥ ಕಲೆ ಉಳಿಯುತ್ತದೆ.

ನಾಲ್ಕು ಚೂರುಗಳನ್ನು ಹಳೆಯ ಬಚ್ಚಲಿನ ಗೋಡೆಗೆ ಒರಗಿಸಿಟ್ಟೆ. ಕಪ್ಪು ಮ್ಯಾಟ್, ಬಿಳಿ ಗ್ಲಾಸಿ, ಚುಕ್ಕೆಚುಕ್ಕೆ ಇರುವ ತೆಳು ಬೂದು ಮ್ಯಾಟ್, ಮತ್ತೊಂದು ಹೊಳಪಿನ ಕೆಂಪು. ದಿನಾ ಸ್ನಾನ ಆದಮೇಲೆ ಒಂದೊಂದು ಚೊಂಬು ನೀರು ಹೊಯ್ಯಿರಿ, ಒರೆಸಬೇಡಿ ಅಂದೆ. ಯಜಮಾನರು ಇದನ್ನು ಕಚೇರಿ ಕೆಲಸದ ಹಾಗೆ ಮಾಡಿದರು. ತಾರೀಖು ಬರೆದಿಟ್ಟು ಫೋಟೋ ತೆಗೆದರು.

15 ದಿನಕ್ಕೆ ಕಪ್ಪು ಟೈಲ್ಸಿನ ಮೇಲೆ ಭೂಪಟ ಮೂಡಿತ್ತು. ತೆಂಗಿನ ನಾರಿನಿಂದ ತಿಕ್ಕಿದರೂ ಹೋಗಲಿಲ್ಲ. ಹೊಳೆಯುವ ಕೆಂಪು ಮಂಕಾಗಿತ್ತು. ಬಿಳಿಯ ಮೇಲೆ ಉಪ್ಪಿನ ಕಲೆ ಕಾಣಲಿಲ್ಲ, ಅಮ್ಮನ ಸೀಗೆಕಾಯಿ ಮತ್ತು ಎಣ್ಣೆಯ ಗೆರೆಗಳು ಮಾತ್ರ ಸ್ಪಷ್ಟವಾಗಿ ಕಂಡವು. ಬೂದು ಚೂರು ಅಂಗಡಿಯಿಂದ ತಂದ ಹಾಗೇ ಇತ್ತು. ಕಲೆ ಬಿದ್ದಿರಲಿಲ್ಲ ಅಂತಲ್ಲ, ಚುಕ್ಕೆಗಳ ನಡುವೆ ಅಡಗಿತ್ತು ಅಷ್ಟೆ.

ನನಗೆ ಆ ಬೂದು ತುಂಡೇ ಗೆದ್ದ ಹಾಗೆ ಕಂಡಿತು. ನೆಲ, ಗೋಡೆ ಎಲ್ಲಕ್ಕೂ ಅದನ್ನೇ ಹಾಕಿಬಿಡೋಣ ಅಂದೆ. ಅಮ್ಮ ಒಪ್ಪಲಿಲ್ಲ. ಈ ಇಡೀ ಕೆಲಸದ ದಿಕ್ಕು ಬದಲಿಸಿದ್ದು ಅವರು ಆಗ ಹೇಳಿದ ಮಾತು:

"ಕಲೆ ಬೇರೆ, ಕೊಳೆ ಬೇರೆ. ಕಲೆ ಹೋಗಲ್ಲ, ಅದು ಕಾಣದಿದ್ರೆ ಒಳ್ಳೇದೇ. ಕೊಳೆ ಕಾಣ್ಬೇಕು. ಕಂಡ್ರೆ ತಾನೆ ತೊಳೆಯೋದು?"

ನಾನು ಅಲ್ಲಿವರೆಗೆ ಎರಡನ್ನೂ ಒಂದೇ ಎಂದುಕೊಂಡಿದ್ದೆ. ಟೈಲ್ಸ್ ಅಂಗಡಿಯವರೂ 'ಮೆಂಟೆನೆನ್ಸ್' ಅಂತ ಒಂದೇ ಪದದಲ್ಲಿ ಮುಗಿಸುತ್ತಾರೆ. ಅಮ್ಮನ ಲೆಕ್ಕದಲ್ಲಿ ನೆಲದ ಮೇಲೆ ಬೀಳುವುದು ಉಪ್ಪು ನೀರು, ಅದು ಅಡಗಲಿ. ಕೈಗೆ ತಾಗುವ ಗೋಡೆ, ಎಣ್ಣೆ ಸಿಡಿಯುವ ಗೋಡೆ ಬೆಳ್ಳಗಿರಲಿ. ನೆಲ ಬೂದು, ಗೋಡೆ ಬಿಳಿ ಎಂದು ಅಲ್ಲಿಗೆ ಗಟ್ಟಿಯಾಯಿತು. ಕಪ್ಪು ಬೇಡ ಎಂದು ಯಾರೂ ಯಜಮಾನರಿಗೆ ಹೇಳಬೇಕಾಗಲಿಲ್ಲ. ಫೋಟೋ ತೆಗೆದವರು ಅವರೇ ಅಲ್ವಾ.

ಹೋಟೆಲಿನಲ್ಲಿ ಹಿಡಿಸಿದ್ದು ಏನು?

ಆದರೂ ಅವರ ಮುಖ ಸಪ್ಪಗಾಗಿತ್ತು. ಒಂದು ಪ್ರಶ್ನೆ ಕೇಳಿದೆ. ಆ ಹೋಟೆಲಿನ ಬಾತ್‌ರೂಮಿಗೆ ಹೋದಾಗ ಮೊದಲು ಏನು ಅನ್ನಿಸಿತು ಸರ್?

ಸ್ವಲ್ಪ ಯೋಚಿಸಿ ಹೇಳಿದರು: "ನೆಲ ಒಣಗಿತ್ತಮ್ಮ. ಕಮೋಡ್ ಹತ್ರ ಹೋದ್ರೆ ಕಾಲು ಒದ್ದೆ ಆಗ್ಲಿಲ್ಲ. ದೀಪ ಹಳದಿ ಇತ್ತು. ಕನ್ನಡೀಲಿ ಮುಖ ಚೆನ್ನಾಗಿ ಕಾಣ್ತಿತ್ತು."

ಕಪ್ಪು ಟೈಲ್ಸಿನ ಹೆಸರೇ ಬರಲಿಲ್ಲ. ಮಂಡಿ ನೋವಿನ ಮನುಷ್ಯನಿಗೆ ಒದ್ದೆ ನೆಲ ಅಂದರೆ ಭಯ. ಅವರು ಹೋಟೆಲ್ ಅಂದಾಗ ಕೇಳಿದ್ದು ಒಣ ನೆಲ, ಬೆಚ್ಚನೆ ಬೆಳಕು. ನಾನು ಅದನ್ನು ಬಣ್ಣ ಎಂದು ಓದಿಕೊಂಡಿದ್ದೆ.

ಸೊಸೆಗೂ ಅದೇ ಪ್ರಶ್ನೆ ಕೇಳಿದೆ. ಮದುವೆಯಾಗಿ ಬಂದ ಮೊದಲ ಬೇಸಿಗೆ ಆ ಕೆಂಪು ನೆಲದ ತಂಪಿಗೆ ಕಾಲಿಟ್ಟದ್ದು ನೆನಪಿದೆ ಅಂದಳು. ಬಣ್ಣ, ತಂಪು, ಅಷ್ಟೇ. ಹಂಡೆ ನೀರಿನ ಸ್ನಾನದ ಬಗ್ಗೆ ಕೇಳಿದರೆ ನಕ್ಕಳು. ಅವಳೂ ಗೀಸರೇ ಹಾಕುತ್ತಿದ್ದಳು.

ಹಾಗಾದರೆ ಇಬ್ಬರಿಗೂ ಬೇಕಾದದ್ದು ಒಂದೇ, ಒಣಗಿದ ಜಾಗ. ರೆಡ್ ಆಕ್ಸೈಡಿನ ನಯವಾದ ನೆಲ ಸೋಪು ನೀರು ಬಿದ್ದರೆ ಜಾರುತ್ತದೆ, ಒಣಗಿದ್ದರೆ ಅದರಷ್ಟು ಹಿತ ಬೇರೆಯಿಲ್ಲ. 11 ಅಡಿಯಲ್ಲಿ ಹಂಡೆ ಒಲೆ ಇದ್ದ 3 ಅಡಿಯನ್ನು ಒಣ ಭಾಗ ಮಾಡಿದೆವು. ವಾಶ್‌ಬೇಸಿನ್, ದೊಡ್ಡ ಕನ್ನಡಿ, ಟವೆಲ್ ಅಲ್ಲಿಗೆ. ಅಲ್ಲಿನ ಹಳೆಯ ಕೆಂಪು ನೆಲ ಹಾಗೇ ಉಳಿಯಿತು. ಉಳಿದ 8 ಅಡಿ ಒದ್ದೆ ಭಾಗ, ಒಂದು ಕಡೆ ಕಮೋಡ್, ಇನ್ನೊಂದು ಕಡೆ ಸ್ನಾನ. ನಡುವೆ ಗಾಜು ಬೇಡ, ಈ ನೀರಿಗೆ ಗಾಜು ತಿಂಗಳಲ್ಲಿ ಮಸುಕಾಗುತ್ತದೆ. ಅದರ ಬದಲು ಮೂರೂವರೆ ಅಡಿಯ ಗಿಡ್ಡ ಗೋಡೆ ಎಬ್ಬಿಸಿದೆವು. ಕಮೋಡಿನಿಂದ ಏಳುವಾಗ ಅದರ ತಲೆಯ ಮೇಲೆ ಕೈ ಊರಬಹುದು. ಹಿಡಿದುಕೊಳ್ಳಲು ಸ್ಟೀಲ್ ಕಂಬಿ ಬೇರೆ ಹಾಕಿದೆವು.

ಮಳೆ ಶವರಿನ ಆಸೆ ಮಾತ್ರ ಲೆಕ್ಕದಲ್ಲೇ ಬಿದ್ದುಹೋಯಿತು. ಹತ್ತು ಮೀಟರ್ ಎತ್ತರದಲ್ಲಿ ನೀರಿದ್ದರೆ ಒಂದು ಬಾರ್ ಒತ್ತಡ ಸಿಗುತ್ತದೆ. ಇವರ ಟ್ಯಾಂಕು ತಾರಸಿಯ ಮೇಲೆ ಮೂರಡಿ ಸ್ಟ್ಯಾಂಡಿನಲ್ಲಿದೆ. ಶವರಿನ ತಲೆಯಿಂದ ಅಳೆದರೆ ಟ್ಯಾಂಕು ತುಂಬಿದ್ದಾಗಲೂ ಮೂರು ಮೀಟರ್ ಇಲ್ಲ. ಅಗಲದ ತಟ್ಟೆ ಶವರ್ ಹಾಕಿದರೆ ಮಳೆಯಲ್ಲ, ಸೋರುವ ಮಾಡು. ಪ್ರೆಶರ್ ಪಂಪು ಹಾಕಬಹುದಿತ್ತು. ಕರೆಂಟು ಹೋದರೆ ಮೈಮೇಲೆ ಸೋಪು ಹಾಗೇ ಉಳಿಯುತ್ತೆ ಅಂದರು ಅಮ್ಮ. ಹ್ಯಾಂಡ್ ಶವರ್, ಬಕೆಟ್, ಚೊಂಬು ಸಾಕಾಯಿತು.

ಒಗೆಯುವ ಕಲ್ಲು

ಯಜಮಾನರು ಕೂತು ಸ್ನಾನ ಮಾಡಬೇಕು. ಗೋಡೆಗೆ ಮಡಚುವ ಪ್ಲಾಸ್ಟಿಕ್ ಸೀಟು ತೋರಿಸಿದೆ. ಯಾರಿಗೂ ಇಷ್ಟವಾಗಲಿಲ್ಲ. ಇಟ್ಟಿಗೆ ಕಟ್ಟಿ ಟೈಲ್ಸ್ ಹಾಕೋಣವೆಂದರೆ ಆ ಅಂಚುಗಳ ಸಂದಿಯಲ್ಲಿ ಕೊಳೆ. ಟೈಲ್ಸ್ ಮೇಸ್ತ್ರಿ ಹಿತ್ತಲಲ್ಲಿ ಬೀಡಿ ಸೇದುತ್ತಾ ಕೂತಿದ್ದವರು, ತಾವು ಕೂತಿದ್ದನ್ನೇ ತಟ್ಟಿ ತೋರಿಸಿದರು. "ಇದನ್ನೇ ಇಡಿ ಮೇಡಂ. ವಾಶಿಂಗ್ ಮೆಷಿನ್ ಬಂದ್ಮೇಲೆ ಇದ್ಕೇನು ಕೆಲ್ಸ ಇಲ್ಲಿ?"

ಬಟ್ಟೆ ಒಗೆಯುವ ಕಲ್ಲು. ಬೂದು ಬಣ್ಣದ ಗ್ರಾನೈಟು, ನಮ್ಮ ಕಡೆ ಎಲ್ಲರ ಹಿತ್ತಲಲ್ಲೂ ಇದ್ದದ್ದೇ. ಮೇಲ್ಭಾಗ ಒಗೆದೂ ಒಗೆದೂ ಕನ್ನಡಿಯಾಗಿತ್ತು, ಒದ್ದೆಯಾದರೆ ಜಾರುತ್ತಿತ್ತು. ಕವುಚಿ ಹಾಕಿದರೆ ಅಡಿಭಾಗದಲ್ಲಿ ಉಳಿ ಗುರುತು ಹಾಗೇ ಇದೆ. ಅದೇ ಬೇಕಾಗಿದ್ದದ್ದು. ಅಂಚು ತೀಡಿಸಿ, ಕವುಚಿ, ನೆಲದಿಂದ 17 ಇಂಚು ಎತ್ತರಕ್ಕೆ ಕೂರಿಸಿದೆವು. ಒಳಗೆ ಸಾಗಿಸಲು ನಾಲ್ಕು ಜನ ಬೇಕಾಯಿತು.

ಮುಂದಿನದೆಲ್ಲ ಆ ಕಲ್ಲನ್ನು ನೋಡಿಯೇ ಆರಿಸಿದ್ದು. ನೆಲದ ಬೂದು ಕಲ್ಲಿಗೆ ಹೊಂದಬೇಕು, ಬಿಳಿಯೂ ಹಾಲುಬಿಳಿ ಬೇಡ, ಸುಣ್ಣ ಬಳಿದ ಗೋಡೆಯ ಥರ ಸ್ವಲ್ಪ ಮಂದ ಇರಲಿ. ಒಣ ಭಾಗದ ಕೆಂಪು ಅದರ ಪಕ್ಕಕ್ಕೆ ಸರಿಯಾಗಿ ಕೂತಿತು. ಇದಕ್ಕೆ ಯಾವ ಸ್ಟೈಲಿನ ಹೆಸರಿಡಬೇಕೋ ನನಗೆ ತಿಳಿಯದು. ಸೊಸೆ ಏನೋ ಒಂದು ಇಂಗ್ಲಿಷ್ ಹೆಸರು ಹೇಳಿದಳು, ಮರೆತೆ.

ಕೆಲಸದಲ್ಲಿ ಆದದ್ದು

ಐದು ವಾರ ಅಂದದ್ದು ಎಂಟು ವಾರವಾಯಿತು. ಬಚ್ಚಲಿನ ಪಕ್ಕದ ರೂಮಿನ ಗೋಡೆಯಲ್ಲಿ ತೇವ ಏರಿ ಸುಣ್ಣ ಉದುರುತ್ತಿತ್ತು. ಹಾಗಾಗಿ ವಾಟರ್‌ಪ್ರೂಫಿಂಗ್ ಎರಡು ಕೋಟು ಹಾಕಿ 48 ಗಂಟೆ ನೀರು ನಿಲ್ಲಿಸಿದೆವು. ಮರುದಿನ ಪೆನ್ಸಿಲ್ ಗುರುತಿಗಿಂತ ನೀರು ಕೆಳಗಿಳಿದಿತ್ತು. ನೀರು ಹೊರಹೋಗುವ ತೂತಿಗೆ ಕೂರಿಸುವ ನಹಾನಿ ಟ್ರ್ಯಾಪಿನ ಸುತ್ತ ಸಂದಿ. ಅದನ್ನು ಮುಚ್ಚಿ ಮತ್ತೆ ನಿಲ್ಲಿಸಿದೆವು. ಟೈಲ್ಸ್ ಹಾಕಿದ ಮೇಲೆ ತಿಳಿದಿದ್ದರೆ ಎಲ್ಲ ಕಿತ್ತುಹಾಕಬೇಕಿತ್ತು.

ನೆಲಕ್ಕೆ 2 ಅಡಿಗೆ 4 ಅಡಿಯ ದೊಡ್ಡ ಟೈಲ್ಸ್ ಹಾಕಿಸಿ, ಸಂದಿ ಕಡಿಮೆ ಎಂದು ಮಗ ಫೋನಿನಲ್ಲಿ ಒತ್ತಾಯಿಸಿದ. ಗೋಡೆಗೆ ಸರಿ. ನೆಲದಲ್ಲಿ ನೀರು ನಾಲ್ಕೂ ಕಡೆಯಿಂದ ಒಂದು ತೂತಿಗೆ ಹರಿಯಬೇಕು. ಅಷ್ಟು ದೊಡ್ಡ ಹಲಗೆ ಬಾಗುವುದಿಲ್ಲ, ಅಡ್ಡಡ್ಡ ಕತ್ತರಿಸಿಯೇ ವಾಟ ಕೊಡಬೇಕು. 1 ಅಡಿಗೆ 1 ಅಡಿಯದ್ದನ್ನೇ ಹಾಕಿದೆವು. ಬರೀ 'ಆಂಟಿ ಸ್ಕಿಡ್' ಅನ್ನುವ ಮಾತಿಗೆ ಮರುಳಾಗದೆ ಡಬ್ಬದ ಮೇಲೆ ಆರ್ 11 ಎಂದು ನೋಡಿ ತಂದೆವು. ಈ ಆರ್ ಸಂಖ್ಯೆ ಹೆಚ್ಚಾದಷ್ಟು ಜಾರುವುದು ಕಡಿಮೆ. ತಿಕ್ಕುವುದು ಸ್ವಲ್ಪ ಜಾಸ್ತಿ, ಅದನ್ನು ಅಮ್ಮನಿಗೆ ಮೊದಲೇ ಹೇಳಿದ್ದೆ. ಸಂದಿಗಳಿಗೆ ಎಪಾಕ್ಸಿ ಗ್ರೌಟ್ ತುಂಬಿಸಿದೆವು, ಸೀಗೆಕಾಯಿ ಬಣ್ಣ ಹಿಡಿಯದಿರಲಿ ಎಂದು. ಖರ್ಚು 3 ಲಕ್ಷ 10 ಸಾವಿರಕ್ಕೆ ಹೋಯಿತು.

ಬೆಳಕಿನ ವಿಷಯ ಸಣ್ಣದು, ಆದರೆ ಬರೆಯಲೇಬೇಕು. ಹಳೆಯ ಬಚ್ಚಲಿನಲ್ಲಿ 6500 ಕೆಲ್ವಿನ್‌ನ ಬಿಳಿ ಟ್ಯೂಬಿತ್ತು. ಅದರ ಕೆಳಗೆ ಕೆಂಪು ನೆಲ ಕಂದಾಗಿ, ಬಿಳಿ ಗೋಡೆ ನೀಲಿಯಾಗಿ ಕಂಡಿತು. ಕೆಲಸ ಮುಗಿದ ದಿನ ಮೂವರ ಮುಖವೂ ಇಳಿದುಹೋಯಿತು. ಸಂಜೆ 3000 ಕೆಲ್ವಿನ್‌ನ ಎರಡು ಹಳದಿ ದೀಪ ತಂದು ಹಾಕಿದೆ. ಯಜಮಾನರು ಕನ್ನಡಿಯ ಮುಂದೆ ನಿಂತು ಗಲ್ಲ ಸವರಿಕೊಂಡು, "ಈಗ ಹೋಟೆಲ್" ಅಂದರು. ಅಷ್ಟು ಹೊತ್ತು ಅದು ಹೋಟೆಲ್ ಆಗಿರಲಿಲ್ಲವಂತೆ.

ಆರು ತಿಂಗಳ ಮೇಲೆ

ನೋಡಿ ಬರೋಣವೆಂದು ಹೋದೆ. ನೆಲದ ಬೂದು ಚೆನ್ನಾಗಿದೆ. ನಲ್ಲಿಯ ಬುಡದಲ್ಲಿ ಉಪ್ಪು ಕಟ್ಟುತ್ತಿದೆ, ಅದು ಕಟ್ಟಿಯೇ ಕಟ್ಟುತ್ತದೆ. ಕಲ್ಲು ಚಳಿಗಾಲದಲ್ಲಿ ಮಂಜಿನಂತೆ ಕೊರೆಯುತ್ತದಂತೆ. ಮೊದಲು ಒಂದು ಚೊಂಬು ಬಿಸಿನೀರು ಕಲ್ಲಿಗೆ, ಆಮೇಲೆ ತನಗೆ ಎಂದು ಯಜಮಾನರು ರೂಢಿ ಮಾಡಿಕೊಂಡಿದ್ದಾರೆ.

ನನ್ನ ಎರಡನೆಯ ತಪ್ಪು ಗಿಡ್ಡ ಗೋಡೆಯ ತಲೆಯ ಮೇಲೆ ಕೂತಿತ್ತು. ಅಲ್ಲಿಗೆ ಕಡಪ ಕಲ್ಲು ಹಾಕಿಸಿದ್ದೆ, ಕಪ್ಪು ಎಲ್ಲಾದರೂ ಒಂದಿಷ್ಟು ಇರಲಿ ಎಂದು ಯಜಮಾನರ ಸಮಾಧಾನಕ್ಕೆ. ಕಡಪ ಸುಣ್ಣದ ಕಲ್ಲು, ಆಸಿಡ್ ತಾಗಿದರೆ ಸವೆಯುತ್ತದೆ. ಇದು ನನಗೆ ಗೊತ್ತಿತ್ತು. ಆದರೆ ಅಮ್ಮ ಕಮೋಡಿಗೆ ಹಾಕುವ ಟಾಯ್ಲೆಟ್ ಕ್ಲೀನರಿನ ಬಾಟಲನ್ನು ಅದರ ಮೇಲೆಯೇ ಇಡುತ್ತಾರೆ ಎಂದು ಹೊಳೆದಿರಲಿಲ್ಲ. ಬಾಟಲಿನ ತಳದ ಆಕಾರದಲ್ಲೇ ಬಿಳಿ ಬಳೆಗಳು ಬಿದ್ದಿವೆ. ಪಕ್ಕದಲ್ಲೇ ಗ್ರಾನೈಟು ಇತ್ತು, ಅದಕ್ಕೇನೂ ಆಗುತ್ತಿರಲಿಲ್ಲ. ಬದಲಿಸಿ ಕೊಡುತ್ತೇನೆ ಅಂದೆ. ಬೇಡ ಅಂದರು ಅಮ್ಮ, ಈಗ ಬಾಟಲು ಎಲ್ಲಿಡಬೇಕು ಅಂತ ಗುರುತಿದೆಯಲ್ಲ.

ಇನ್ನೊಂದು ಕಡೆಯೂ ಸೋತಿದ್ದೇವೆ. ಒಲೆ ಒಡೆದ ಜಾಗಕ್ಕೆ ಹೊಸ ರೆಡ್ ಆಕ್ಸೈಡ್ ತುಂಬಿಸಬೇಕಾಯಿತು. ಹಳೆಯ ಕೈ ಇರುವ ಗಾರೆ ಮೇಸ್ತ್ರಿಯನ್ನು ಹುಡುಕಿ ಕರೆತಂದೆವು. ಅವರು ಮೊದಲೇ ಹೇಳಿದ್ದರು, ನಲವತ್ತು ವರ್ಷ ಕಾಲು ತಿರುಗಾಡಿದ ಕೆಂಪನ್ನು ಡಬ್ಬದಿಂದ ತೆಗೆಯಲು ಆಗಲ್ಲ ಎಂದು. ಹಾಗೇ ಆಯಿತು, ತೇಪೆ ಎದ್ದು ಕಾಣುತ್ತದೆ. ಅದರ ಮೇಲೆ ಕಾಲೊರಸು ಬಿದ್ದಿದೆ. ಸೊಸೆ ಬಂದಾಗೆಲ್ಲ ಅದನ್ನು ಎತ್ತಿ ಪಕ್ಕಕ್ಕಿಡುತ್ತಾಳಂತೆ, ಹೋದಮೇಲೆ ಅಮ್ಮ ಮತ್ತೆ ಹಾಸುತ್ತಾರಂತೆ.

ಹಂಡೆ ಈಗ ಬೆಂಗಳೂರಿನ ಫ್ಲಾಟಿನ ಬಾಲ್ಕನಿಯಲ್ಲಿದೆ. ಕೊಡುವಾಗ ಅಮ್ಮ ಒಂದೇ ಷರತ್ತು ಹಾಕಿದ್ದರು, ತಿಕ್ಕುವವಳು ನೀನೇ ಎಂದು. ಎರಡು ತಿಂಗಳಿಗೆ ಹಸಿರು ಹಿಡಿಯಿತು, ಮೂರನೇ ತಿಂಗಳಿಗೆ ಸೊಸೆ ಅದರಲ್ಲಿ ಮಣ್ಣು ತುಂಬಿ ಮನಿ ಪ್ಲಾಂಟ್ ನೆಟ್ಟಳು.

ದೀಪಾವಳಿಗೆ ನೀರು ತುಂಬುವ ಹಬ್ಬದ ಸಂಜೆ ಸೊಸೆಯಿಂದ ಒಂದು ಫೋಟೋ ಬಂತು. ತುಮಕೂರಿನ ಬಚ್ಚಲು. ಒಗೆಯುವ ಕಲ್ಲಿನ ಮೇಲೆ ಒಂದು ಸ್ಟೀಲ್ ಬಕೆಟ್. ಅದಕ್ಕೆ ಸುಣ್ಣ ಮತ್ತು ಕೆಮ್ಮಣ್ಣಿನ ಪಟ್ಟೆ, ಕುತ್ತಿಗೆಗೆ ಹಾಗಲ ಬಳ್ಳಿ. ತಲೆಯ ಮೇಲಿನ ಗೀಸರಿಗೂ ಒಂದು ಎಳೆ ಬಳ್ಳಿ ಸುತ್ತಿದ್ದರು. ಕೈಗೆ ಎಟುಕದೆ ಸ್ಟೂಲ್ ಹತ್ತಿ ಕಟ್ಟಿದವರು ಯಜಮಾನರಂತೆ. ಮಂಡಿ ಆಪರೇಷನ್ ಆದವರು ಸ್ಟೂಲ್ ಹತ್ತಿದ್ದಕ್ಕೆ ಮನೆಯಲ್ಲಿ ಆಗಷ್ಟೇ ದೊಡ್ಡ ಜಗಳ ಆಗಿ ಮುಗಿದಿತ್ತು.